ತಂಗುದಾಣ ನೋಡುವ ಶಾಸ್ತ್ರ

ಹಳೆಯದರ ಪರವಾಗಿ ಕೈ ಎತ್ತಲೋ ಬೇಡವೋ? ಎತ್ತಿದರೆ ಓಣಿಯವರು ಯಾಕೆಂದು ಕೇಳದೆ ಬಿಡುವವರಲ್ಲ ಎಂದು ಗುರುಸಿದ್ಧಪ್ಪ ತೊಳಲಾಡುತ್ತಿದ್ದ. ಓಣಿಯ ಹಳೆಯ ಬಸ್ ತಂಗುದಾಣದ ಬದಲು ಹೊಸದನ್ನು ಆರಿಸುವ ದಿನವದು. ಉಪ್ಪಿಟ್ಟು ತಿನ್ನುತ್ತಿದ್ದ ಓಣಿಯ ಜನರೆದುರು ಮೂರು ಮಾದರಿಗಳು ಕನ್ಯೆಯರಂತೆ ತಲೆತಗ್ಗಿಸಿ ನಿಂತಿದ್ದವು.

"ಒಂಚೂರು ನಡದು ತೋರಸವಾ," ಎಂದಳು ಶಂಕ್ರವ್ವ.

ಮೊದಲನೆಯದು ನಾಲ್ಕೂ ಕಾಲನ್ನು ನಾಜೂಕಾಗಿ ಎತ್ತಿಟ್ಟು ನಡೆದು, ಬಿಸಿಲು ಬಂದತ್ತ ಚಾವಣಿ ವಾಲಿಸಿತು.

"ಇದ ಪಸಂದ!" ಎಂದ ವಾರ್ಡಿನ ಸದಸ್ಯ. "ಹಳೇದು ಗುಜರಿಗೆ ಹೋಗ್ಲಿ. ಸೋರತೈತಿ. ಸಾಲದ್ದಕ್ಕ ಹೋದ ಬ್ಯಾಸಗಿಯೊಳಗ ಜಾಗಾ ಬಿಟ್ಟು ಓಡಿಹೋಗಿತ್ತು. ಅರ್ಧಾ ದಿನ ಬಿಸಲಾಗ ಒಣಗಿದ್ವಿ."

ಬೇವಿನ ಮರದ ಹಿಂದೆ ಹಗ್ಗದಲ್ಲಿ ಕಟ್ಟಿಹಾಕಿದ್ದ ಹಳೆಯ ತಂಗುದಾಣ ಇನ್ನಷ್ಟು ಮುದುಡಿಕೊಂಡಿತು.

ಗುರುಸಿದ್ಧಪ್ಪ ಕೈ ಎತ್ತಿದ. "ಹಳೇದ ಇರ್ಲಿ."

"ಯಾಕೋ ಗುರುಸಿದ್ಧಾ, ಅದರ ಮ್ಯಾಲೆ ಮನಸಾಗೇತೇನು?" ಎಂದಳು ಶಂಕ್ರವ್ವ. ಎಲ್ಲರೂ ನಕ್ಕರು.

"ಅದರ ಕಟ್ಟಿ ನನ್ನ ಬೆನ್ನಿಗೆ ಹೊಂದತೈತಿ."

"ಹಂಗಾರ ನಿಮ್ಮ ಮನೀಗೇ ತುಂಬಿಸಿಕೊಳ್ರಿ, ಅಜ್ಜಾರ!" ಎಂದು ಸದಸ್ಯ ಅದರ ಹಗ್ಗವನ್ನು ಅವನ ಕೈಗಿತ್ತ.

ಹೋದ ಬೇಸಿಗೆಯ ಆ ದಿನ, ಹೆಂಡತಿ ಸತ್ತ ಮರುವಾರ, ಕೆರೆಯ ದಂಡೆಯಲ್ಲಿ ತಾನು ಅಳುತ್ತ ಕೂತಿದ್ದಾಗ, ಅದು ಹಿಂದೆಯೇ ಬಂದು ನೆರಳು ಹಿಡಿದು ನಿಂತಿತ್ತು ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ.