ಸ್ಟೀರಿಂಗ್ ಮೇಲಿನ ಬಟನ್

ರಾಮಲಿಂಗಯ್ಯ ಮೂರನೇ ಸಲ ಸ್ಟೀರಿಂಗ್ ಮೇಲಿನ ಬಟನ್ ಒತ್ತಿದರು. ಹೊಸ ಸ್ಟೀರಿಯೋದ ಹಾಡು ಒಂದು ಚೂರೂ ತಗ್ಗಲಿಲ್ಲ.

"ಏನಪ್ಪಾ ಬೀರೇಶ, ಎಂಟು ವರ್ಷ ನೆಟ್ಟಗಿದ್ದ ಬಟನ್ನು ನಿನ್ ಕೈಗೆ ಬಂದ ತಕ್ಷಣ ಸತ್ತೋಯ್ತಾ?"

ಬೀರೇಶನಿಗೆ ಮೈಯೆಲ್ಲ ಉರಿಯಿತು. ದೊಡ್ಡಬಳ್ಳಾಪುರದಲ್ಲಿ ಹನ್ನೆರಡು ವರ್ಷದಿಂದ ಕಾರುಗಳಿಗೆ ಸ್ಟೀರಿಯೋ ಕೂರಿಸುತ್ತಿದ್ದವನು. ಹಳೆಯ ಬಟನ್ನನ್ನು ಹೊಸ ಸ್ಟೀರಿಯೋಗೆ ಹೊಂದಿಸುವ ಪುಟ್ಟ ಡಬ್ಬಿಯನ್ನು ಎರಡು ಸಲ ಬದಲಾಯಿಸಿದ್ದ. ಡ್ಯಾಶ್‌ಬೋರ್ಡ್ ಬಿಚ್ಚಿ ಒಂದೊಂದೇ ವೈರು ಹಿಡಿದು ನೋಡಿದ್ದ. ಎರಡು ದಿನದಿಂದ ಬೇರೆ ಗಿರಾಕಿಗಳನ್ನೆಲ್ಲ ವಾಪಸು ಕಳಿಸಿದ್ದ. ಏನು ಮಾಡಿದರೂ ಅಷ್ಟೇ.

ರಾಮಲಿಂಗಯ್ಯ ಸೀರೆ ವ್ಯಾಪಾರಿ. ಊರಿನ ಅರ್ಧ ಮಗ್ಗದವರು ಅವರ ಮಾತು ಕೇಳುವವರು. ಬೀರೇಶ ಕಾರು ಕೆಡಿಸಿದ ಎಂದು ಅವರು ಒಮ್ಮೆ ಬಾಯಿಬಿಟ್ಟರೆ ಸಾಕು, ಅಂಗಡಿಯ ಹೆಸರು ಮಣ್ಣುಪಾಲು.

"ಯಜಮಾನ್ರೇ, ಮೊದ್ಲೂ ಒಂದೊಂದ್ಸಲ ಕೈಕೊಡ್ತಿತ್ತಾ?"

"ಕೈಕೊಡೋದಾ? ನನ್ ಬಾಮೈದ ನಂದಕುಮಾರ ಆರಿಸಿ ಕೊಡಿಸಿದ ಗಾಡಿ ಕಣಯ್ಯಾ, ಟಾಪ್ ಮಾಡೆಲ್! ಒತ್ತಿದ್ರೆ ಪಟ್ ಅಂತ ಕೇಳೋದು. ಊಟ ಆದ್ಮೇಲೆ ಸ್ವಲ್ಪ ತಡ ಮಾಡ್ತಿತ್ತು, ಎರಡು ಸಲ ಒತ್ಬೇಕಿತ್ತು, ಅಷ್ಟೇ."

ಊಟಕ್ಕೂ ಬಟನ್ನಿಗೂ ಏನು ಸಂಬಂಧ? ಬೀರೇಶ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ರೀ, ಹಳೇ ಸ್ಟೀರಿಯೋನೇ ರಿಪೇರಿ ಮಾಡಿಸೋಣ," ಎಂದರು ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಅಂಜನಮ್ಮ. ಎರಡು ದಿನದಿಂದ ಅವರದು ಅದೇ ರಾಗ.

"ನೀನು ಸುಮ್ನಿರೇ. ಗಾಡಿ ತೆಗೆದಾಗೆಲ್ಲ ಪಕ್ಕದಲ್ಲಿ ಬಂದು ಕೂತ್ಕೋತೀಯ, ಒಂದಿನಾನಾದ್ರೂ ಆ ಬಟನ್ ಮುಟ್ಟಿದೀಯಾ?" ರಾಮಲಿಂಗಯ್ಯ ಸಿಡುಕಿ ಇಳಿದರು. "ಟೀ ಕುಡಿದು ಬರ್ತೀನಿ. ಅಷ್ಟರಲ್ಲಿ ಸರಿಯಾಗಿರ್ಬೇಕು."

ಉಳಿದದ್ದು ಒಂದೇ ದಾರಿ. ಇಷ್ಟು ದಿನ ಅಂಜಿ ಬಿಟ್ಟಿದ್ದ ಕೆಲಸಕ್ಕೆ ಬೀರೇಶ ಕೈಹಾಕಿದ. ಬ್ಯಾಟರಿ ಕಳಚಿ, ಏರ್‌ಬ್ಯಾಗ್ ತೆಗೆದು, ಸ್ಟೀರಿಂಗ್ ಬಿಚ್ಚಿದ. ಬಟನ್ನಿನ ಹಿಂದೆ ಇಣುಕಿದ.

ಅಲ್ಲಿ ವೈರೇ ಇರಲಿಲ್ಲ. ತುಂಡಾಗಿದ್ದಲ್ಲ, ಎಂದೂ ಇದ್ದದ್ದೇ ಇಲ್ಲ. ಕಡಿಮೆ ಬೆಲೆಯ ಮಾಡೆಲ್ಲಿನ ಗಾಡಿಗೆ ಯಾರೋ ಬೇರೆ ಕಾರಿನ ಸ್ಟೀರಿಂಗ್ ಸಿಕ್ಕಿಸಿ ಮಾರಿದ್ದರು. ಈ ಬಟನ್ನು ಒಂದು ದಿನವೂ ಕೆಲಸ ಮಾಡಿರಲು ಸಾಧ್ಯವೇ ಇಲ್ಲ.

ಬೀರೇಶನಿಗೆ ಹೋದ ಜೀವ ಬಂದಂತಾಯಿತು. "ಯಜಮಾನ್ರೇ!" ಎಂದು ಹೋಟೆಲಿನ ಕಡೆ ಕೂಗಿದ.

"ಕೂಗ್ಬೇಡಪ್ಪಾ, ನಿನ್ ದಮ್ಮಯ್ಯ." ಸೀಟಿನಲ್ಲೇ ಕೂತಿದ್ದ ಅಂಜನಮ್ಮ ಕೈಮುಗಿದರು. "ಗಾಡಿ ಮನೆಗೆ ಬಂದ ದಿನಾನೇ ನನ್ ತಮ್ಮ ಇದು ಟಾಪ್ ಮಾಡೆಲ್ ಅಲ್ಲ, ಬಟನ್ನೂ ಸುಳ್ಳು ಅಂತ ನನ್ ಹತ್ರ ಒಪ್ಕೊಂಡ. ಇವ್ರಿಗೆ ಗೊತ್ತಾದ್ರೆ ಅವನಿಗೆ ಹೊಸಿಲು ತುಳಿಯೋಕೆ ಬಿಡಲ್ಲ. ತವರು ಅಂತ ನಂಗಿರೋನು ಅವನೊಬ್ನೇ."

"ಅದ್ಸರಿ ಅಮ್ಮಾ, ಎಂಟು ವರ್ಷ ಹಾಡು ಹೆಂಗೆ ತಗ್ತಿತ್ತು?"

ಅಂಜನಮ್ಮ ಸೆರಗಿನ ಮರೆಯಿಂದ ಹಳೆಯ ಸ್ಟೀರಿಯೋದ ಪುಟ್ಟ ರಿಮೋಟ್ ಹೊರತೆಗೆದರು: "ಅವ್ರ ಹೆಬ್ಬೆಟ್ಟು ನೋಡ್ಕೊಂಡು ನಾನು ಒತ್ತುತ್ತಿದ್ದೆ, ಊಟ ಆದ್ಮೇಲೆ ಮಾತ್ರ ತೂಕಡಿಕೆ ಬಂದು ತಡ ಆಗೋದು. ಹೊಸದಕ್ಕೂ ಇಂಥದ್ದೊಂದು ಬರುತ್ತೇನಪ್ಪಾ?"