ಗ್ರಹಣದ ದಿನದ ಕಬ್ಬಿಣ

ಕಲ್ಲಿದ್ದಲು ಮುಗಿದುಹೋದ ಮೇಲೆ ಸಂಡೂರಿನ ಅದಿರನ್ನು ಬಿಸಿಲೇ ಕಬ್ಬಿಣ ಮಾಡುತ್ತಿತ್ತು. ಗುಡ್ಡದ ತುಂಬ ನಿಂತ ಕನ್ನಡಿಗಳು ಬಿಸಿಲನ್ನೆಲ್ಲ ಒಟ್ಟುಮಾಡಿ ಗೋಪುರದ ತುದಿಯ ಕುಲುಮೆಗೆ ಸುರಿಯುತ್ತಿದ್ದವು. ಕುಲುಮೆಯ ಮೇಸ್ತ್ರಿ ಹೊನ್ನೂರಮ್ಮ ಗ್ರಹಣದ ದಿನ ಯಾವತ್ತೂ ಅದಿರು ಹಾಕಿದವಳಲ್ಲ. ಈ ಸಲ ಹೊಳೆ ಕೊಚ್ಚಿಕೊಂಡು ಹೋದ ಸೇತುವೆಗೆ ತೊಲೆಗಳು ಬೇಕಿದ್ದವು. ಆಚೆ ದಡದ ಊರುಗಳಿಗೆ ಆಸ್ಪತ್ರೆಯ ದಾರಿಯೇ ಇರಲಿಲ್ಲ. ಧೈರ್ಯ ಮಾಡಿ ಹಾಕಿಬಿಟ್ಟಳು.

ಸೂರ್ಯ ಅರ್ಧ ಮರೆಯಾಗುವಷ್ಟರಲ್ಲಿ ಕುಲುಮೆಯ ಬೆಳ್ಳನೆಯ ಹೊಳಪು ಕೆಂಪಿಗೆ ಇಳಿಯಿತು. ಕಬ್ಬಿಣ ಒಳಗೇ ಹೆಪ್ಪುಗಟ್ಟಿದರೆ ಕುಲುಮೆಯನ್ನೇ ಒಡೆಯಬೇಕು. ಎದುರು ಗುಡ್ಡದಲ್ಲಿ ಬಿಸಿಲಿನಿಂದ ಸುಣ್ಣ ಸುಡುವ ಖಾಸಿಂಬಿಗೆ ಫೋನು ಮಾಡಿದಳು.

"ಅಕ್ಕಾ, ನಿನ್ನ ಕನ್ನಡಿ ಎಲ್ಲಾ ಈ ಕಡೆ ತಿರುಗ್ಸು!"

"ನನ್ನ ಸುಣ್ಣ ಅರೆಬೆಂದೈತಲ್ಲೇ!"

"ಕಬ್ಬಿಣ ಕಟ್ಟಿಕೊಂಡ್ರ ಸೇತುವೆ ಇಲ್ಲಕ್ಕಾ."

ಖಾಸಿಂಬಿ ಕನ್ನಡಿ ತಿರುಗಿಸುವ ಹಿಡಿಗೆ ಕೈ ಹಾಕಿದಳು. "ಸುಣ್ಣ ನಾಳೆ ಮತ್ತ ಸುಟ್ಟರಾತು. ತಗೋ ನನ್ನ ಬಿಸಿಲು!"

ಎದುರು ಗುಡ್ಡ ಒಮ್ಮೆಲೇ ಝಗ್ಗನೆ ಹೊಳೆಯಿತು. ಎರಡು ಗುಡ್ಡಗಳ ಬಿಸಿಲು ಬಿದ್ದು ಕುಲುಮೆ ಮತ್ತೆ ಬೆಳ್ಳಗಾಯಿತು. ಗ್ರಹಣ ಬಿಡುವ ಮೊದಲೇ ಹೊನ್ನೂರಮ್ಮ ಕುಲುಮೆಯ ಬಾಯಿ ತೆರೆದಳು. ಕಬ್ಬಿಣ ಧುಮುಕಿ ಅಚ್ಚುಗಳನ್ನು ತುಂಬತೊಡಗಿದಾಗ ಅವಳು ಫೋನನ್ನೂ ಮರೆತು, ಗುಡ್ಡಕ್ಕೆ ಕೇಳುವಂತೆ ಕೂಗಿದಳು:

"ನೋಡಕ್ಕಾ, ಸೇತುವೆ ಹರಕೊಂಡು ಬರಾಕತ್ತೈತಿ!"