ಹದಿನೈದು ವರ್ಷದ ಹಲ್ಲಿ

"ಆಮೆ ತಗೊಂಡ್ರೆ ನಿಮ್ಮ ನಂತರ ಅದನ್ನ ಯಾರು ನೋಡ್ಕೊಳ್ತಾರೆ?" ಎಂದು ಸಾಕುಪ್ರಾಣಿಗಳ ಅಂಗಡಿಯವಳು ಕೇಳಿದಳು. ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಆಮೆ ಐವತ್ತು ಅರವತ್ತು ವರ್ಷ ಬಾಳುವ ಜೀವ. ಹೊಸದಾಗಿ ಸಾಕಲು ಬಂದವರನ್ನೆಲ್ಲ ಆಕೆ ಕೇಳುವ ಪ್ರಶ್ನೆಯೇ ಅದು. ಆದರೂ ಟೈಲರಮ್ಮನ ಎದೆ ಧಸಕ್ಕೆಂದಿತು. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಗಂಡನನ್ನು ಓರೆಗಣ್ಣಿನಲ್ಲಿ ನೋಡಿದಳು. ಅವನು ಆಮೆ ಸೊಪ್ಪು ಜಗಿಯುವುದನ್ನೇ ನೋಡುತ್ತಿದ್ದ.

ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವನು ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ. ಎರಡು ತಿಂಗಳ ಹಿಂದೆ ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದು, ಶ್ವಾಸಕೋಶ ಹಾಳಾಗಿದೆ, ಎರಡು ವರ್ಷ, ಚೆನ್ನಾಗಿ ನೋಡಿಕೊಂಡರೆ ಮೂರು ಎಂದಿದ್ದರು. ಅದನ್ನು ಅವಳು ಯಾರಿಗೂ ಹೇಳದೆ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದಳು. ಮೊನ್ನೆ ಬೆಳಿಗ್ಗೆ ಅವನು ಇದ್ದಕ್ಕಿದ್ದಂತೆ, ಮನೆಯಲ್ಲೊಂದು ಪ್ರಾಣಿ ಇರಲಿ, ಕೂದಲಿನದ್ದು ನನಗಾಗದು, ಹಾವೋ ಹಲ್ಲಿಯೋ ತರೋಣ ಎಂದಾಗ ಒಂದೇ ಮಾತಿಗೆ ಹೂಂ ಎಂದಿದ್ದಳು. ಗೋಡೆಯ ಹಲ್ಲಿ ಕಂಡರೆ ಹೊಲಿಗೆ ಮೆಷೀನು ಬಿಟ್ಟು ಆಚೆ ಓಡುವ ಹೆಂಗಸು!

ಅಂಗಡಿಯವಳು ಒಂದೊಂದೇ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ವಿವರಿಸಿದಳು. ಇಗ್ವಾನ ಎಂಬ ಈ ಹಸಿರು ಹಲ್ಲಿ ಈಗ ಗೇಣುದ್ದ ಇದೆ, ಬೆಳೆದರೆ ಆಳುದ್ದ ಆಗುತ್ತದೆ, ಅದಕ್ಕೆ ಒಂದು ಕೋಣೆಯೇ ಬೇಕು. ಗೋಸುಂಬೆ ನೋಡಲು ಚೆಂದ, ಆದರೆ ಹೊಸಬರ ಕೈಯಲ್ಲಿ ಉಳಿಯುವುದು ಕಷ್ಟ. ಈ ಹೆಬ್ಬಾವು ಸಾಧು, ಆದರೆ ಸತ್ತ ಇಲಿಗಳನ್ನು ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಬೇಕು. ಹಾಲಿನ ಪಕ್ಕ ಇಲಿಯನ್ನು ಕಲ್ಪಿಸಿಕೊಂಡು ಟೈಲರಮ್ಮ ಮುಂದಿನ ಪೆಟ್ಟಿಗೆಯತ್ತ ಸರಿದಳು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು, ಇದೆಲ್ಲ ತಮಗೇಕೆ, ಒಂದೂ ತಲೆಗೆ ಹತ್ತಲಿಲ್ಲ.

ಕೊನೆಗೆ ಹಳದಿ ಮೈಮೇಲೆ ಕಪ್ಪು ಚುಕ್ಕೆಗಳಿದ್ದ ಒಂದು ಹಲ್ಲಿಯ ಮುಂದೆ ನಿಂತರು. ಗೋಡೆ ಹತ್ತುವುದಿಲ್ಲ, ನೆಲದ ಮೇಲೇ ಓಡಾಡುತ್ತದೆ, ಹೊಸಬರಿಗೆ ಇದೇ ಸರಿ ಎಂದಳು ಅಂಗಡಿಯವಳು. ಪೆಟ್ಟಿಗೆಯ ಒಂದು ಬದಿ ಬೆಚ್ಚಗಿರಬೇಕು, ಇನ್ನೊಂದು ಬದಿ ತಂಪಾಗಿರಬೇಕು; ಎರಡೂ ಕಡೆ ಅಡಗಿಕೊಳ್ಳಲು ಗೂಡು ಬೇಕು; ಮರಳು ಹಾಕಬಾರದು, ನುಂಗಿಬಿಡುತ್ತದೆ; ಜೀರುಂಡೆಗೆ ಸುಣ್ಣದ ಅಂಶದ ಪುಡಿ ಹಚ್ಚಿ ಕೊಡಬೇಕು; ಮುಟ್ಟಿದ ಮೇಲೆ ಕೈ ತೊಳೆಯಬೇಕು. ಆಕೆ ಇದನ್ನೆಲ್ಲ ಟೈಲರಮ್ಮನ ಗಂಡನಿಗೆ ಹೇಳುತ್ತಿದ್ದರೆ, ಅವನು ಪ್ರತಿ ಸಲವೂ ಕೈಯಿಂದ ಹೆಂಡತಿಯತ್ತ ತೋರಿಸಿ, "ಇವಳಿಗೆ ಹೇಳಿ" ಎನ್ನುತ್ತಿದ್ದ. ಪೆಟ್ಟಿಗೆಯನ್ನು ಬೆಚ್ಚಗಿಡುವ ಶಾಖದ ಚಾಪೆಯ ಸ್ವಿಚ್ಚನ್ನು ಅವಳ ಕೈಯಿಂದಲೇ ಒತ್ತಿಸಿದ. ಚಿಮಟ ಹಿಡಿಸಿ ಹುಳು ತಿನ್ನಿಸಲು ಹೇಳಿದ. ಅವಳು ಕಣ್ಣು ಮುಚ್ಚಿಕೊಂಡೇ ತಿನ್ನಿಸಿದಳು. ಸಾಕುವವನು ಅವನು, ಪಾಠ ಮಾತ್ರ ತನಗೇಕೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಕೇಳಲೂ ಇಲ್ಲ.

"ಎಷ್ಟು ವರ್ಷ ಬದುಕುತ್ತೆ ಇದು?" ಎಂದು ಅವನು ಕೇಳಿದ.

"ಇದಿನ್ನೂ ಮರಿ. ಹದಿನೈದು ವರ್ಷಕ್ಕೇನೂ ಮೋಸ ಇಲ್ಲ." ಅಂಗಡಿಯವಳು ಇಬ್ಬರ ನರೆತ ತಲೆಗಳನ್ನೂ ನೋಡಿ ತುಸು ಅನುಮಾನಿಸಿದಳು. ಆಮೇಲೆ ಕೆಳಗಿನ ಸಾಲಿನ ಪೆಟ್ಟಿಗೆಯೊಂದನ್ನು ತೋರಿಸಿದಳು. ಅದರಲ್ಲೂ ಅದೇ ಜಾತಿಯ ಹಲ್ಲಿ, ಬಾಲ ಮೊಂಡಾಗಿತ್ತು, ಬಣ್ಣ ಮಾಸಿತ್ತು. ಯಾರೋ ಊರು ಬಿಡುವಾಗ ಕೊಟ್ಟು ಹೋಗಿದ್ದರಂತೆ. "ಅಷ್ಟು ವರ್ಷ ಬೇಡ ಅನ್ಸಿದ್ರೆ ಇದಿದೆ. ವಯಸ್ಸಾಗಿದೆ. ಇನ್ನು ಎರಡು ವರ್ಷ, ಬಹಳ ಅಂದ್ರೆ ಮೂರು."

"ಅದೇ ಕೊಡಿ," ಎಂದುಬಿಟ್ಟಳು ಟೈಲರಮ್ಮ.

ಬಾಯಿಂದ ಮಾತು ಜಾರಿದ ಮೇಲೆ ಅವಳಿಗೆ ತಾನು ಏನಂದೆ ಎಂಬುದು ತಿಳಿಯಿತು. ಅವನ ಜೊತೆಗೇ ಅದೂ ಮುಗಿಯಲಿ, ಆಮೇಲೆ ಆ ಪೆಟ್ಟಿಗೆಯ ಮುಂದೆ ಒಬ್ಬಳೇ ಕೂರುವುದು ಬೇಡ ಎಂದು ಮನಸ್ಸು ತನ್ನಷ್ಟಕ್ಕೇ ಲೆಕ್ಕ ಹಾಕಿತ್ತು. ಗಂಡ ನಿಧಾನವಾಗಿ ತಲೆಯೆತ್ತಿ ಅವಳನ್ನು ನೋಡಿದ. ಅವಳು ಮುಖ ಎಲ್ಲಿಡಬೇಕೋ ತಿಳಿಯದೆ ಸೆರಗಿನ ಅಂಚಿನಲ್ಲಿ ಇಲ್ಲದ ನೂಲನ್ನು ಹುಡುಕತೊಡಗಿದಳು.

"ಬೇಡಮ್ಮ," ಎಂದ ಅವನು ಅಂಗಡಿಯವಳಿಗೆ. ಒಂದು ಉಸಿರು ಎಳೆದುಕೊಂಡ. "ಮರೀನೇ ಕೊಡಿ. ಹದಿನೈದು ವರ್ಷ ಇರ್ಲಿ. ಅದು ನನಗಲ್ಲ, ಇವಳಿಗೆ."

ಅಂಗಡಿಯವಳಿಗೆ ಇದೊಂದೂ ತಿಳಿಯದು. ಟೈಲರಮ್ಮನ ಅಂಗೈ ಬಿಡಿಸಿ, ಮುಷ್ಟಿ ಕಟ್ಟಬೇಡಿ, ಅದೇ ಹತ್ತಲಿ ಎಂದು ಮರಿಯನ್ನು ಹತ್ತಿರಕ್ಕೆ ತಂದಳು. ತಣ್ಣನೆಯ ಪುಟ್ಟ ಬೆರಳುಗಳು ಮೊದಲು ಹೆಬ್ಬೆರಳ ಮೇಲೆ, ಆಮೇಲೆ ಅಂಗೈ ನಡುವೆ ಬಂದವು. ಅವಳು ಕೈ ಕೊಡವಲಿಲ್ಲ. ಹೆದರುವುದನ್ನೂ ಮರೆತು ನಿಂತಿದ್ದಳು.

ಬಸ್ ಸ್ಟಾಪಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು, ಮರಿಯ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ಒಂದು ಬಸ್ಸು ಬಂದು ಹೋಯಿತು, ಇಬ್ಬರೂ ಏಳಲಿಲ್ಲ. ಇನ್ನೊಂದೂ ಹೋಯಿತು.

"ಡಾಕ್ಟರು ಹೇಳಿದ್ರಾ ನಿಮಗೆ?" ಎಂದು ಕೊನೆಗೆ ಕೇಳಿದಳು, ರಸ್ತೆಯನ್ನೇ ನೋಡುತ್ತಾ.

"ಯಾರೂ ಹೇಳ್ಲಿಲ್ಲ," ಎಂದ ಅವನು. "ಎರಡು ತಿಂಗಳಾಯ್ತಲ್ಲೇ, ನೀನು ನನ್ನ ಜೊತೆ ಒಂದು ಸಲಾನೂ ಜಗಳ ಆಡಿಲ್ಲ."